ಸಹನಾಳ ಸಮೀಕ್ಷೆ

ಹೆಣ್ಣು ನೋಡುವ ಶಾಸ್ತ್ರ ಎಂದು ಹೆಸರಿಟ್ಟವರು ಯಾರೋ, ಅವರಿಗೆ ಜಗಳೂರು ಸೀಮೆಯ ಗಂಡುಗಳ ಪಾಡು ಗೊತ್ತಿರಲಿಲ್ಲ. ಇಲ್ಲಿ ಈಗ ಹೆಣ್ಣಿನ ಕಡೆಯವರೇ ಗಂಡನ್ನು ನೋಡುವುದು, ಅದೂ ಗಂಡಿಗೆ ಗೊತ್ತಾಗದ ಹಾಗೆ. ಯಾರೋ ಒಬ್ಬರು ಬಸ್ಸಿಳಿದು, ಕುರಿ ಕೊಳ್ಳಲು ಬಂದವರ ಹಾಗೆಯೋ ದಾರಿ ತಪ್ಪಿದವರ ಹಾಗೆಯೋ ಊರು ಸುತ್ತಿ, ಚಹಾದಂಗಡಿಯಲ್ಲಿ ಒಂದು ಮಾತು, ನಲ್ಲಿಯ ಹತ್ತಿರ ಒಂದು ಮಾತು ಕೇಳಿಕೊಂಡು ಸಂಜೆ ಬಸ್ಸಿಗೆ ಹೋಗಿಬಿಡುತ್ತಾರೆ. ಗಂಡು ಪಾಸೋ ನಪಾಸೋ ಎಂಬುದು ವಾರದ ಮೇಲೆ ತಿಳಿಯುತ್ತದೆ. ಬಹಳ ಸಲ, ಯಾರೂ ತಿಳಿಸದೆ ಇರುವುದರಿಂದಲೇ ತಿಳಿಯುತ್ತದೆ.

ಸೊಕ್ಕೆಯ ಕೆಂಚೇಶ ಹೀಗೆ ಏಳು ಸಲ ನಪಾಸಾಗಿದ್ದ. ವಯಸ್ಸು ಮೂವತ್ತಮೂರು. ಬಿ.ಎ. ಡಿಗ್ರಿ ಇತ್ತು, ಊರ ಹಾಲಿನ ಡೈರಿಯಲ್ಲಿ ಬೆಳಗ್ಗೆ ಸಂಜೆ ಹಾಲಿನ ಡಿಗ್ರಿ ನೋಡುವ ಕೆಲಸವೂ ಇತ್ತು. ಊರಿನ ಅಷ್ಟೂ ಎಮ್ಮೆಗಳ ಗುಣ ಬಲ್ಲವನ ಗುಣ ಮಾತ್ರ ಯಾರಿಗೂ ಹಿಡಿಸಿರಲಿಲ್ಲ. ಹೆಸರಿನಲ್ಲಿ ಕೆಂಪಿದ್ದರೂ ಗಂಡು ಕಪ್ಪು ಎಂದು ನ್ಯಾಮತಿಯವರು ಬಿಟ್ಟರು. ಊರು ದೂರ ಎಂದು ಚನ್ನಗಿರಿಯವರು ಬಿಟ್ಟರು; ಊರು ಮೊದಲಿಂದಲೂ ಅಲ್ಲೇ ಇತ್ತು. ಇನ್ನೊಬ್ಬರು, ಗಂಡು ಬೀದಿಯಲ್ಲಿ ಓಡುತ್ತಿದ್ದ, ಗಾಂಭೀರ್ಯ ಸಾಲದು ಎಂದರು. ಅವತ್ತು ಅವನ ಹಿಂದೆ ನಾಯಿಯಿತ್ತು ಎಂಬುದನ್ನು ಪರಿಗಣಿಸಲಿಲ್ಲ.

ಎಂಟನೆಯದು ಹೊನ್ನಾಳಿ ಸಂಬಂಧ. ಹುಡುಗಿಯ ಹೆಸರು ನೇತ್ರಾವತಿ. ಹೊಳೆ ದಂಡೆಯ ಊರಿನವಳು, ಹೊಲಿಗೆ ಕಲಿಸುವವಳು. ಅವಳ ಫೋಟೊವನ್ನು ಕೆಂಚೇಶ ಡೈರಿಯ ರಿಜಿಸ್ಟರಿನೊಳಗೆ ಇಟ್ಟುಕೊಂಡು ದಿನಕ್ಕೆರಡು ಹೊತ್ತು, ಹಾಲು ಬಂದಾಗ ಒಮ್ಮೆ, ಬಾರದಿದ್ದಾಗ ಹತ್ತು ಸಲ ನೋಡುತ್ತಿದ್ದ. ಸಂಬಂಧ ತಂದ ಬೋರಣ್ಣ ದಸರಾ ರಜೆ ಶುರುವಾದ ದಿನ ಬಂದು ಕಟ್ಟಪ್ಪಣೆ ಮಾಡಿದ.

“ನೋಡು ಕೆಂಚೇಶಿ, ಈ ಹತ್ತು ದಿನದೊಳಗೆ ವಿಚಾರಿಸಾಕೆ ಬರ್ತಾರೆ. ಯಾವತ್ತು ಅಂತ ನನಗೂ ಹೇಳಿಲ್ಲ. ಯಾವ ವೇಷದಾಗೆ ಬರ್ತಾರೋ ಅದೂ ಗೊತ್ತಿಲ್ಲ. ಬಿಳಿ ಅಂಗಿ ಹಾಕ್ಕೋ. ಓಡಬ್ಯಾಡ. ಕೂಗಬ್ಯಾಡ. ಬಾಯಾಗೆ ಒಂದು ಕೆಟ್ಟ ಮಾತು ಬರಬಾರದು. ಹತ್ತು ದಿನ ಮನುಷ್ಯನ ಹಂಗಿರು.”

“ಈಗೇನು ಎಮ್ಮೆ ಹಂಗಿದೀನಾ ಬೋರಣ್ಣಾ?”

“ಎಮ್ಮೆ ಆಗಿದ್ರೆ ಇಷ್ಟೊತ್ತಿಗೆ ಗಿರಾಕಿ ಬಂದಿರೋರು ಕಣಪ್ಪಾ.”

ಅದೇ ಮಧ್ಯಾಹ್ನ ದಾವಣಗೆರೆ ಬಸ್ಸಿನಿಂದ ಕೆಂಚೇಶನ ಗಾಂಭೀರ್ಯದ ಮೇಲೆ ಒಂಬತ್ತು ವರ್ಷದ ಒಂದು ಸಿಡಿಲು ಇಳಿಯಿತು. ಅಕ್ಕನ ಮಗಳು, ನಾಲ್ಕನೇ ಕ್ಲಾಸು, ಹೆಸರು ಸಹನಾ. ಹೆಸರು ಅವಳಿಗಿಟ್ಟದ್ದು, ಅದು ಬೇಕಾಗುತ್ತಿದ್ದದ್ದು ಉಳಿದವರಿಗೆ. ಅಕ್ಕ ಮಮತಾ ಚನ್ನಗಿರಿಯಲ್ಲಿ ಪ್ರೈಮರಿ ಶಾಲೆಯ ಟೀಚರ್. ರಜೆಯಲ್ಲಿ ಅವಳಿಗೆ ಮನೆ ಮನೆ ಸಮೀಕ್ಷೆಯ ಡ್ಯೂಟಿ ಬಿದ್ದಿತ್ತು. ಊರ ಮನೆಗಳಲ್ಲಿರುವ ತಲೆಗಳನ್ನೆಲ್ಲ ಎಣಿಸಲು ಹೋಗಬೇಕಾದವಳಿಗೆ ತನ್ನ ಮನೆಯಲ್ಲಿದ್ದ ಒಂದು ತಲೆಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಭಾವ ರಂಗನಾಥ್ ಲೈನ್‌ಮನ್. ಕರೆಂಟ್ ಹೋದರೆ ಹುಡುಕಿಕೊಂಡು ಹೋಗುತ್ತಾನೆ. ಮಗಳು ಹೋದರೆ ಮಮತಾ ಇದ್ದಾಳಲ್ಲ ಎನ್ನುತ್ತಾನೆ. ದಾವಣಗೆರೆವರೆಗೆ ಅವನೇ ತಂದು, ಸೀಟು ಹಿಡಿದು ಕೂರಿಸಿ, ಕಂಡಕ್ಟರಿಗೆ ಒಪ್ಪಿಸಿ ಹೋಗಿದ್ದ.

ಕಂಡಕ್ಟರ್ ಹುಡುಗಿಯನ್ನು ಇಳಿಸಿ ಬೆವರು ಒರೆಸಿಕೊಂಡ. “ನಿಮ್ಮ ಹುಡುಗೀನೇನ್ರೀ? ಜಗಳೂರಿಂದ ಇಲ್ಲಿಗಂಟ ಸ್ಟಾಪು ಕೂಗಿದ್ದು ಅವಳೇ. ನನ್ನ ದನಿಯಾಗೇ ಕೂಗ್ತಾಳೆ, ಡ್ರೈವರಿಗೆ ಗೊತ್ತಾಗಲಿಲ್ಲ. ಸೀಟಿ ಅವಳ ಹತ್ರಾನೇ ಐತೆ, ಸ್ವಲ್ಪ ಇಸ್ಕೊಡ್ರಿ.”

ಸಹನಾ ಸೀಟಿ ವಾಪಸು ಕೊಟ್ಟಳು. ಕೊಡುವ ಮೊದಲು ಒಮ್ಮೆ ಊದಿದಳು. ಬಸ್ಸು ಹೊರಟೇಬಿಟ್ಟಿತು. ಕಂಡಕ್ಟರ್ ಹಿಂದೆ ಓಡಿದ.

ಸಂಜೆ ಮಮತಾಳ ಫೋನು ಬಂತು. “ಕೆಂಚಾ, ಹತ್ತೇ ದಿನ ಕಣೋ. ದಿನಾ ಜಡೆ ಹಾಕು, ಒಂದು ಪುಟ ಕಾಪಿ ಬರೆಸು. ಎತ್ತರದಾಗೆ ಬಿಡಬ್ಯಾಡ, ನೀರಿನ ಹತ್ರ ಬಿಡಬ್ಯಾಡ, ಒಬ್ಬಳೇ ಬಿಡಬ್ಯಾಡ.”

“ಮತ್ತೆ ಎಲ್ಲಿ ಬಿಡ್ಲಿ ಅಕ್ಕಾ?”

“ಬಿಡಲೇಬ್ಯಾಡ!”

ಹೀಗೆ ಕೆಂಚೇಶನ ದಿನಚರಿ ಶುರುವಾಯಿತು. ಬೆಳಗ್ಗೆ ಐದಕ್ಕೆ ಎದ್ದು ಡೈರಿ, ಏಳೂವರೆಗೆ ಬಂದು ಜಡೆ. ಅವನಿಗೆ ಗೊತ್ತಿದ್ದದ್ದು ಎರಡೇ ಗಂಟು: ಒಂದು ಎಮ್ಮೆ ಕಟ್ಟುವುದು, ಇನ್ನೊಂದು ಮೂಟೆ ಕಟ್ಟುವುದು. ಎಡಜಡೆ ಎಮ್ಮೆಯದು, ಬಲಜಡೆ ಮೂಟೆಯದು. ಬಲದ್ದು ಮಧ್ಯಾಹ್ನದೊಳಗೆ ಬಿಚ್ಚಿಹೋಗುತ್ತಿತ್ತು; ಎಡದ್ದು ಬಿಚ್ಚಲು ರಾತ್ರಿ ಇಬ್ಬರು ಬೇಕಾಗುತ್ತಿತ್ತು. ಆಮೇಲೆ ಉಪ್ಪಿಟ್ಟು. ಅದರಲ್ಲಿನ ಕರಿಬೇವನ್ನು ಅವಳು ಒಂದೊಂದಾಗಿ ಹೆಕ್ಕಿ ಮಾವನ ತಟ್ಟೆಗೆ ವರ್ಗಾವಣೆ ಮಾಡುತ್ತಿದ್ದಳು. ಕಾಪಿ ಬರೆಯಲು ಕೂತರೆ, ಒಂದು ಸಾಲಿಗೆ ಒಂದು ಬಾಯಾರಿಕೆ, ಎರಡನೇ ಸಾಲಿಗೆ ಒಂದು ಸಂದೇಹ. “ಮಾವಾ, ಓತಿಕ್ಯಾತ ಕಚ್ಚುತ್ತಾ?” ಎಂಬ ಸಂದೇಹ ಕೇಳಿದ ದಿನ ಓತಿಕ್ಯಾತ ಆಗಲೇ ಅವಳ ಕಂಪಾಸ್ ಪೆಟ್ಟಿಗೆಯಲ್ಲಿತ್ತು.

ಇವೆಲ್ಲವನ್ನೂ ಕೆಂಚೇಶ ಬಿಳಿ ಅಂಗಿಯಲ್ಲಿ, ಓಡದೆ, ಕೂಗದೆ ನಿಭಾಯಿಸಬೇಕಿತ್ತು. ಅವನ ತಾಯಿ ಅಂಜಮ್ಮ ಮಾತ್ರ ಕಟ್ಟೆಯ ಮೇಲೆ ಕೂತು ಶೇಂಗಾ ಬಿಡಿಸುತ್ತ ಮೊಮ್ಮಗಳ ಪ್ರತಾಪಕ್ಕೆ ಹಿಗ್ಗುತ್ತಿದ್ದಳು. “ಹತ್ತಲಿ ಬಿಡೋ. ನೆಲ ಎಲ್ಲಿಗೂ ಓಡಿಹೋಗಲ್ಲ.”

ಮೂರನೇ ದಿನ ಸಹನಾ ಊರ ನೀರಿನ ಟ್ಯಾಂಕಿನ ಕಬ್ಬಿಣದ ಏಣಿಯ ಅರ್ಧದಲ್ಲಿದ್ದಳು. ಕೆಳಗೆ ಬೇವಿನ ಮರದಡಿ ಇಬ್ಬರು ಅಪರಿಚಿತರು ಬೀಡಿ ಸೇದುತ್ತಿದ್ದರು. ಅವರನ್ನು ಕಂಡದ್ದೇ ಕೆಂಚೇಶನ ಎದೆ ಹೊನ್ನಾಳಿ ಹೊನ್ನಾಳಿ ಎಂದು ಬಡಿಯತೊಡಗಿತು. ಅವನು ಕೈ ಹಿಂದಕ್ಕೆ ಕಟ್ಟಿ, ಮದುವೆ ಮನೆಯಲ್ಲಿ ಊಟಕ್ಕೆ ಕರೆಯುವವರ ದನಿಯಲ್ಲಿ, “ಸಹನಾ, ಇಳಿದು ಬಾರಮ್ಮ” ಎಂದ.

“ಕೇಳಿಸ್ತಿಲ್ಲ ಮಾವಾ! ಜೋರಾಗಿ!”

“ದಯಮಾಡಿ ಕೆಳಗೆ ಬರ್ರೀ ಸಹನಾ ಅವರೇ.”

ಮೇಲಿನಿಂದ ಅವನದೇ ದನಿ ಅವನಿಗಿಂತ ಗಂಭೀರವಾಗಿ ಇಳಿದು ಬಂತು. “ದಯಮಾಡಿ ಕೆಳಗೆ ಬರ್ರೀ ಸಹನಾ ಅವರೇ! ಮಾವಾ, ನೀನು ರೇಡಿಯೊದೋರ ಹಂಗೆ ಆಗಿಬಿಟ್ಟಿದೀಯ. ಹುಷಾರಾಗಿದೀಯಾ?”

ಕಡೆಗೆ ಅವನೇ ಹತ್ತಿದ. ಅರ್ಧ ದಾರಿಯಲ್ಲಿ ಕೆಳಗೆ ನೋಡಿ, ನೋಡಬಾರದಿತ್ತೆಂದುಕೊಂಡು, ಕಣ್ಣು ಮುಚ್ಚಿ ಏಣಿಯನ್ನು ಅಪ್ಪಿಕೊಂಡ. ಸಹನಾಳೇ ಅವನ ಪಕ್ಕದಿಂದ ನುಸುಳಿ ಕೆಳಗಿಳಿದು, ಅವನ ಕಾಲನ್ನು ಒಂದೊಂದೇ ಮೆಟ್ಟಿಲಿಗೆ ಇಡಿಸುತ್ತ ಇಳಿಸಿದಳು. ಬಿಳಿ ಅಂಗಿಯ ಮೇಲೆ ತುಕ್ಕಿನ ಏಣಿ ಅಚ್ಚಾಗಿತ್ತು. ಬೀಡಿಯವರು ಟ್ಯಾಂಕಿಗೆ ಬಣ್ಣ ಹೊಡೆಯಲು ಬಂದವರಂತೆ. “ಏಣಿ ತಡೀತದೋ ಇಲ್ಲೋ ಅಂತ ಯೋಚ್ನೆ ಮಾಡ್ತಿದ್ವಿ ಸಾರ್. ನೀವು ಹತ್ತಿದ ಮ್ಯಾಲೆ ಧೈರ್ಯ ಬಂತು” ಎಂದರು.

ಐದನೇ ದಿನ ಬಂದವನು ತಿಪ್ಪೇರುದ್ರ. ಮೊಪೆಡ್ಡಿನ ಮೇಲೆ ಮೈಕು ಕಟ್ಟಿಕೊಂಡು “ಕುಕ್ಕರ್ ರಿಪೇರೀ, ಗ್ಯಾಸ್ ಒಲೆ ರಿಪೇರೀ” ಎನ್ನುತ್ತ ಬಂದ. ಕೆಂಚೇಶನಿಗೆ ಅನುಮಾನ ಬಂದದ್ದು ಅವನ ಹೊಸ ಚಪ್ಪಲಿಯಿಂದ. ಅನುಮಾನ ಗಟ್ಟಿಯಾದದ್ದು ಅವನ ಮೊದಲ ಪ್ರಶ್ನೆಯಿಂದ.

“ಮನೇಲಿ ಎಷ್ಟು ಜನ ಅದೀರಿ?”

ಕುಕ್ಕರ್ ಮೂರು ಲೀಟರಿನದೋ ಐದರದೋ ತಿಳಿಯಲು ಅವನು ಕೇಳಿದ್ದ. ಕೆಂಚೇಶ ಕುರ್ಚಿ ಹಾಕಿದ. ಫ್ಯಾನ್ ಹಾಕಿದ. ಅಂಜಮ್ಮನಿಂದ ಶಾವಿಗೆ ಪಾಯಸ ಮಾಡಿಸಿದ. ಅದರ ಮೇಲೆ ಹೊಲ, ಕೃಷಿ ಹೊಂಡ, ಎರಡು ಎಮ್ಮೆ, ಕಪಾಟಿನಲ್ಲಿದ್ದ ಬಿ.ಎ. ಸರ್ಟಿಫಿಕೇಟು, ಎಲ್ಲವನ್ನೂ ಕ್ರಮವಾಗಿ ವಿವರಿಸಿ, “ನನಗೆ ಬೀಡಿ, ಎಲೆ ಅಡಿಕೆ ಯಾವ ಚಟಾನೂ ಇಲ್ಲ ಸಾರ್” ಎಂದು ಮುಗಿಸಿದ.

ತಿಪ್ಪೇರುದ್ರ ಪಾಯಸದ ಲೋಟ ಹಿಡಿದುಕೊಂಡು ಹೆದರಿಬಿಟ್ಟಿದ್ದ. “ಅಣ್ಣಾ, ಒಂದು ಗ್ಯಾಸ್ಕೆಟ್ಟಿಗೆ ಇಷ್ಟೆಲ್ಲಾ ದಾಖಲೆ ಬ್ಯಾಡ ಕಣ್ರೀ.”

ಅಷ್ಟರಲ್ಲಿ ಹೊರಗಿನಿಂದ ಅವನದೇ ದನಿ ಮೈಕಿನಲ್ಲಿ ಮೊಳಗಿತು. “ಕುಕ್ಕರ್ ರಿಪೇರೀ, ಒಲೆ ರಿಪೇರೀ, ಮಾವ ರಿಪೇರೀ! ಸೀಟಿ ಹೊಡೀದೆ ಇರೋ ಮಾವನ್ನ ನಿಮ್ಮ ಮನೆ ಮುಂದೇನೇ ಸರಿ ಮಾಡಿಕೊಡ್ತೀವೀ!” ಇಬ್ಬರು ಹೆಂಗಸರು ಕುಕ್ಕರ್ ಹಿಡಿದುಕೊಂಡು ಆಗಲೇ ಬಂದು ನಿಂತಿದ್ದರು. ಒಬ್ಬಾಕೆ, ಗಂಡನನ್ನೂ ತರಬಹುದಾ ಎಂದು ವಿಚಾರಿಸಿದಳು.

ಆರನೇ ದಿನದಿಂದ ಮಾತ್ರ ಮನೆಯಲ್ಲಿ ನೆಮ್ಮದಿ. ಸಹನಾ ಯಾರೂ ಹೇಳದೆಯೇ ಕಾಪಿ ಪುಸ್ತಕ ತೆಗೆದಳು, ಸ್ಕೇಲು ಹಿಡಿದು ಗೆರೆ ಎಳೆದಳು, ಡೈರಿಯ ಹಳೆ ರಿಜಿಸ್ಟರ್ ಬೇಕೆಂದಳು. ಕೆಂಚೇಶ ಧಾರಾಳವಾಗಿ ಕೊಟ್ಟ. ಮಗು ದಾರಿಗೆ ಬಂತು ಎಂದು ಅಕ್ಕನಿಗೆ ಫೋನಿನಲ್ಲೂ ಹೇಳಿದ. ಮಗು ಯಾವ ದಾರಿಗೆ ಬಂದಿದೆ ಎಂದು ಅಕ್ಕ ಕೇಳಲಿಲ್ಲ. ಅವಳ ಸಮೀಕ್ಷೆಯ ಆ್ಯಪು ತೆರೆಯುತ್ತಿರಲಿಲ್ಲ.

ಸಹನಾ ಬರುವಾಗ ಅಮ್ಮನ ಹಳೆಯ ಡ್ಯೂಟಿಯ, ಗುರುತಿನ ಚೀಟಿ ತೂಗುವ ಕೊರಳಪಟ್ಟಿಯೊಂದನ್ನು ಬ್ಯಾಗಿನಲ್ಲಿ ತಂದಿದ್ದಳು. ಈ ನಾಡಿನಲ್ಲಿ ಕೊರಳಲ್ಲಿ ಪಟ್ಟಿ, ಕೈಯಲ್ಲಿ ರಿಜಿಸ್ಟರು, ಮುಖದಲ್ಲಿ ಬೇಜಾರು ಇದ್ದರೆ ಸಾಕು, ಯಾರು ಬೇಕಾದರೂ ಏನು ಬೇಕಾದರೂ ಕೇಳಬಹುದು. ಅವಳು ಮನೆ ಮನೆಗೆ ಹೋಗಿ, ತಾಯಿಯ ದಣಿದ ದನಿಯಲ್ಲಿ, “ಹೇಳ್ರಿ, ಬೇಗ ಬೇಗ ಹೇಳ್ರಿ, ಇನ್ನೂ ನಲವತ್ತು ಮನೆ ಐತೆ, ನೆಟ್‌ವರ್ಕೂ ಇಲ್ಲ” ಎನ್ನುತ್ತಿದ್ದಳು. ಜನ ಹೇಳುತ್ತಿದ್ದರು. ಮನೆಯ ಯಜಮಾನರು ಯಾರು? ನಿಜವಾದ ಯಜಮಾನರು ಯಾರು? ಮರ ಹತ್ತಲು ಬರುತ್ತದೆಯೇ? ಈಜು? ಮಕ್ಕಳಿಗೆ ಹೊಡೆಯುತ್ತೀರಾ, ಹೌದಾದರೆ ಯಾವುದರಿಂದ? ಗೊರಕೆ ಯಾರದು? ಸಮೀಕ್ಷೆಯಾದ ಮನೆಯ ಬಾಗಿಲಿಗೆ ಗುರುತಿಗೆಂದು ಅಜ್ಜಿಯ ಹಣೆಯ ಟಿಕಳಿ ಅಂಟಿಸುತ್ತಿದ್ದಳು. ಒಬ್ಬರೂ, ಇಷ್ಟು ಚಿಕ್ಕ ಹುಡುಗಿಯನ್ನು ಯಾಕೆ ಕಳಿಸಿದ್ದಾರೆ ಎನ್ನಲಿಲ್ಲ. ರೇಷನ್ ಕಾರ್ಡಿಗೆ ತೊಂದರೆ ಆಗಲ್ಲ ತಾನೇ ಎಂದಷ್ಟೇ ಕೇಳಿದರು.

ಏಳನೇ ದಿನ ಬೆಳಗ್ಗೆ ಡೈರಿಯ ಮುಂದೆ ಸಾಲು ನಿಂತಿತ್ತು. ರಸ್ತೆಯ ಆಚೆ ಒಂದು ಬಿಳಿ ಕಾರು ಬಂದು ನಿಂತಿತು. ಬಂದರು, ಎಂದುಕೊಂಡ ಕೆಂಚೇಶ ಕಾಲರ್ ಸರಿಮಾಡಿಕೊಂಡು ಕಾರಿನ ಕಡೆಗೇ ಕಣ್ಣು ನೆಟ್ಟ. ಚೀಲ ಹಿಡಿದ ಒಬ್ಬ ಹೆಂಗಸು ಸಾಲಿನ ಪಕ್ಕದಿಂದ, “ಅಪ್ಪಾ, ಒಂದು ಮಾತು” ಎಂದಳು.

“ಹಾಲು ಹಾಕೋರಾದ್ರೆ ಸಾಲಿನಾಗೆ ನಿಲ್ರಿ. ಇಲ್ಲಾಂದ್ರೆ ಪಕ್ಕಕ್ಕೆ ಸರೀರಮ್ಮ” ಎಂದ ಅವನು, ಕಾರಿನಿಂದ ಕಣ್ಣು ಕೀಳದೆ.

ಅವಳು ಸರಿದಳು. ಸರಿದ ಕಡೆ ಕಟ್ಟೆಯ ಮೇಲೆ ಕೊರಳಪಟ್ಟಿ ಹಾಕಿಕೊಂಡು ಸಹನಾ ಕೂತಿದ್ದಳು. ಕಾರಿನವನು ಇಳಿದು, ಬೇಲಿಯ ಮರೆಯಲ್ಲಿ ಕೆಲಸ ಮುಗಿಸಿಕೊಂಡು ಹೊರಟುಹೋದ.

ಡೈರಿ ಮುಗಿಸಿ ಮನೆಗೆ ಬಂದ ಕೆಂಚೇಶ ಬಚ್ಚಲಿಗೆ ಹೋದ. ತಲೆಗೆ ನೀರು ಹಾಕಿಕೊಂಡು ಸೋಪು ಹಚ್ಚುತ್ತಿದ್ದಾಗ ಮನೆ ತೀರ ನಿಶ್ಶಬ್ದವಾಗಿದೆ ಅನ್ನಿಸಿತು. ಮಕ್ಕಳಿರುವ ಮನೆಯಲ್ಲಿ ಸದ್ದಿದ್ದರೆ ಏನೋ ಒಡೆಯುತ್ತಿದೆ ಎಂದರ್ಥ. ಸದ್ದಿಲ್ಲದಿದ್ದರೆ ಒಡೆದಾಗಿದೆ ಎಂದರ್ಥ.

“ಅವ್ವಾ, ಸಹನಾ ಎಲ್ಲಿ?”

“ಹೊಲದ ಕಡೆ ಹೋದ್ಳಪ್ಪ. ಅಲ್ಲೊಂದು ಮನೆ ಉಳಿದೈತಂತೆ. ಯಾರೋ ಹೆಂಗಸು ಜೊತೆಗವ್ರೆ. ನಮ್ಮ ಕೃಷಿ ಹೊಂಡ ತೋರಿಸ್ತೀನಿ ಅಂತಿದ್ಳು.”

ಕೃಷಿ ಹೊಂಡ. ಹೋದ ತಿಂಗಳ ಮಳೆಗೆ ತುಂಬಿದ್ದು. ಒಳಗೆಲ್ಲ ಕರಿ ಪ್ಲಾಸ್ಟಿಕ್ ಹಾಸಿದ್ದು. ಜಾರಿದ ಕುರಿಯೊಂದು ಹತ್ತಲಾಗದೆ ಅಲ್ಲೇ ಉಳಿದದ್ದನ್ನು ಕೆಂಚೇಶ ಕಣ್ಣಾರೆ ಕಂಡಿದ್ದ. ಅವನ ಕೈಯಿಂದ ಸೋಪು ಬಿತ್ತು.

ಆಮೇಲೆ ಸೊಕ್ಕೆಯ ಜನ ಕಂಡದ್ದನ್ನು ಅವರು ಮೊಮ್ಮಕ್ಕಳಿಗೆ ಹೇಳುತ್ತಾರೆ. ಒಂದು ಟವೆಲು, ಅರ್ಧ ನೊರೆ, ಅದರೊಳಗೊಬ್ಬ ಡೈರಿ ಕೆಂಚೇಶ. ಓಡಬ್ಯಾಡ ಎಂದದ್ದಕ್ಕೆ ಓಡಿದ. ಕೂಗಬ್ಯಾಡ ಎಂದದ್ದಕ್ಕೆ ಕೂಗಿದ. ಬೋರಣ್ಣ ನಿಷೇಧಿಸಿದ್ದ ಮಾತುಗಳನ್ನು ಒಂದೂ ಬಿಡದೆ, ಹೊಂಡ ತೋಡಿಸಿದ ತನಗೆ, ಸಮೀಕ್ಷೆ ಹಚ್ಚಿದವರಿಗೆ, ಅಡ್ಡ ಬಂದ ಮೇಕೆಗೆ ಹಂಚುತ್ತ ಹೋದ. ಹಳೆಯ ಪರಿಚಯದ ನಾಯಿಯೂ ಹಿಂದೆ ಸೇರಿಕೊಂಡಿತು.

ಹೊಂಡದ ನೀರಿನ ನಡುವೆ ಒಂದು ಚಿಕ್ಕ ನೀಲಿ ಚಪ್ಪಲಿ ತೇಲುತ್ತಿತ್ತು. ಬೇರೆ ಏನೂ ಇರಲಿಲ್ಲ.

“ಸಹನಾ!” ಎಂದ ಕೆಂಚೇಶ, ಬೇಲಿ ಹಾರಿ, ಧುಮುಕಿದ.

ಮುಳುಗಿದ. ಎದ್ದ. ಎರಡೂ ಕೈಯಲ್ಲಿ ನೀರು ಬಾಚಿದ. ಮತ್ತೆ ಮುಳುಗಿದ. ಮೂರನೇ ಸಲ ಎದ್ದಾಗ ದಂಡೆಯ ಮೇಲಿನಿಂದ ಒಂದು ದನಿ ಬಹಳ ಕಾಳಜಿಯಿಂದ ಕೇಳಿತು.

“ಮಾವಾ, ನಿನಗೆ ಈಜು ಬರಲ್ವಲ್ಲಾ?”

ಹೊಂಗೆ ಮರದ ಕೆಳಗಿಂದ ಸಹನಾ ಎದ್ದು ಬಂದಿದ್ದಳು, ಒಂದು ಕಾಲಲ್ಲಿ ಚಪ್ಪಲಿ, ಬಾಯಿ ತುಂಬ ಶೇಂಗಾ. ಅವಳ ಒಂದು ರಟ್ಟೆಯನ್ನು ಡೈರಿಯ ಹತ್ತಿರ ಕಂಡಿದ್ದ ಆ ಹೆಂಗಸು ಬಿಗಿಯಾಗಿ ಹಿಡಿದಿದ್ದಳು. ಬೇಲಿಯಾಚೆಯಿಂದಲೇ ಸಹನಾ ಕಪ್ಪೆಗೆ ಗುರಿಯಿಟ್ಟು ಎಸೆದದ್ದು ಚಪ್ಪಲಿ. ಕಪ್ಪೆ ತಪ್ಪಿಸಿಕೊಂಡಿತ್ತು, ಮಾವ ಸಿಕ್ಕಿಬಿದ್ದಿದ್ದ.

“ಕಾಲು ಊರಪ್ಪಾ, ಕಾಲು ಊರು! ನೆಲ ಸಿಗುತ್ತೆ!” ಎಂದು ಹೆಂಗಸು ಕೂಗಿದಳು.

ಊರಿದ. ನೀರು ಎದೆಮಟ್ಟಕ್ಕಿತ್ತು. ಆದರೆ ಮೇಲೆ ಹತ್ತಲು ಪ್ಲಾಸ್ಟಿಕ್ ಬಿಡಲಿಲ್ಲ. ಎರಡು ಹೆಜ್ಜೆ ಹತ್ತಿದರೆ ಮೂರು ಹೆಜ್ಜೆ ಜಾರುತ್ತಿದ್ದ. ಸಹನಾ ಪಂಪಿನ ಹಗ್ಗ ಬಿಚ್ಚಿ ತಂದು ಬೇಲಿಯ ಕಲ್ಲುಕಂಬಕ್ಕೆ ಸುತ್ತಿ ಗಂಟು ಹಾಕಿದಳು.

“ಗಂಟು ತಡೀತದೇನವ್ವಾ?” ಎಂದಳು ಹೆಂಗಸು.

“ತಡೀತದಮ್ಮಾ. ನನ್ನ ಎಡಜಡೆ ಗಂಟು ಇದು. ಮಾವಂದೇ.”

ತಡೆಯಿತು. ಇಬ್ಬರೂ ಸೇರಿ ಎಳೆದು ಹಾಕಿದರು. ಟವೆಲು ಅವನ ಜೊತೆಗೇ ಬಂದದ್ದು ಆ ದಿನದ ಏಕೈಕ ಅದೃಷ್ಟ. ಕೆಂಚೇಶ ಮೊದಲು ಸಹನಾಳ ತಲೆ, ಕೈ, ಕಾಲು ಮುಟ್ಟಿ ಮುಟ್ಟಿ ನೋಡಿದ. ಹೊಡೆಯಲು ಕೈ ಎತ್ತಿದ. ಎತ್ತಿದ ಕೈ ಹೋಗಿ ತನ್ನ ತಲೆಯನ್ನೇ ಕೆರೆದುಕೊಂಡಿತು. ಆಮೇಲೆ ಅವಳನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತ.

ಹೆಂಗಸು ಸೆರಗಿನ ಅಂಚಿನಿಂದ ಕೈ ಒರೆಸಿಕೊಂಡಳು. “ಮುಂಜಾನೆ ಪಕ್ಕಕ್ಕೆ ಸರೀರಿ ಅಂದ್ರಲ್ಲ. ಸರಿದು ಸರಿದು ಇಲ್ಲಿಗಂಟ ಬಂದೆ ನೋಡ್ರಿ.”

“ತಾವು ಯಾರು ಅಂತ...”

ಉತ್ತರ ಸಮೀಕ್ಷಕಿಯಿಂದ ಬಂತು. ಸಹನಾ ರಿಜಿಸ್ಟರ್ ತೆಗೆದು ಓದಿದಳು. “ಗಾದ್ರಮ್ಮ. ಊರು ಹೊನ್ನಾಳಿ. ಬಂದ ಕಾರಣ, ಅಣ್ಣನ ಮಗಳಿಗೆ ಗಂಡು ನೋಡಾಕೆ. ಯಾರಿಗೂ ಹೇಳಬಾರದು ಅಂದ್ರು. ಅದನ್ನೂ ಬರಕೊಂಡಿದೀನಿ.”

ಕೆಂಚೇಶನಿಗೆ ಮತ್ತೆ ಹೊಂಡಕ್ಕೆ ಹೋಗುವುದೇ ಲೇಸೆನಿಸಿತು.

“ಸರಕಾರದ ಲೆಕ್ಕ ಅಂದ್ಲಪ್ಪ ಹುಡುಗಿ. ಸುಳ್ಳು ಹೇಳಿದ್ರೆ ತಪ್ಪಾಗುತ್ತೆ ಅಂತ ಇದ್ದದ್ದು ಹೇಳಿಬಿಟ್ಟೆ” ಎಂದಳು ಗಾದ್ರಮ್ಮ, ತುಸು ನಾಚಿ. “ನಿಮ್ಮ ಮನೇದೂ ಓದಿದೆ ಬಿಡ್ರಿ.”

ಅವರ ಮನೆಯದು ಮೊದಲ ಪುಟದಲ್ಲೇ ಇತ್ತು. ಕೆಂಚೇಶ ಇಣುಕಿದ. ಯಜಮಾನ: ಮಾವ. ನಿಜವಾದ ಯಜಮಾನ: ಅಜ್ಜಿ. ಮರ: ಗೊತ್ತಿಲ್ಲ, ಏಣಿಯ ಕೆಳಗೆ ನಿಂತು ದಯಮಾಡಿ ಬರ್ರೀ ಎನ್ನುತ್ತಾನೆ, ಏಣಿಯಲ್ಲಿ ಅಳುತ್ತಾನೆ. ಈಜು: ಬರುವುದಿಲ್ಲ. ಹೊಡೆಯುತ್ತಾರಾ: ಇಲ್ಲ, ಕೈ ಎತ್ತಿ ತಲೆ ಕೆರೆದುಕೊಳ್ಳುತ್ತಾನೆ. ಗೊರಕೆ: ಮಾವ ಮತ್ತು ಎಮ್ಮೆ. ಕೊನೆಗೆ ಷರಾ: ಮಾವ ಹತ್ತು ದಿನ ಒಳ್ಳೆಯವನ ಹಾಗೆ ನಾಟಕ ಮಾಡುತ್ತಿದ್ದಾನೆ. ನಾಟಕ ಇಲ್ಲದಾಗ ಇನ್ನೂ ಒಳ್ಳೆಯವನು.

“ಈ ಪುಸ್ತಕ ಎರಡು ದಿನ ಕೊಡ್ತೀಯೇನವ್ವಾ? ಬಸ್ಸಿನೋರ ಕೈಲಿ ವಾಪಸು ಕಳಿಸ್ತೀನಿ” ಎಂದಳು ಗಾದ್ರಮ್ಮ. ಸಹನಾ ಕೊಟ್ಟಳು, ಸಹಿ ಹಾಕಿಸಿಕೊಂಡೇ ಕೊಟ್ಟಳು.

ಆಮೇಲಿನ ಮೂರು ದಿನ ಕೆಂಚೇಶ ಬಿಳಿ ಅಂಗಿ ಮುಟ್ಟಲಿಲ್ಲ. ಇನ್ನು ಯಾರಿಗೆ? ಟ್ಯಾಂಕಿನ ಕೆಳಗೆ ನಿಂತು ಗಂಟಲು ಹರಿಯುವಂತೆ ಕೂಗಿದ. ಹುಣಸೆ ಮರದವರೆಗೆ ಅವಳನ್ನು ಅ‌ಟ್ಟಿಸಿಕೊಂಡು ಓಡಿದ. ಸಹನಾಳಿಗೆ ಸಮಾಧಾನವಾಯಿತು. “ಹುಷಾರಾದೆಯಲ್ಲಾ ಮಾವಾ” ಎಂದಳು. ಬೋರಣ್ಣ ಮಾತ್ರ ಫೋನಿನಲ್ಲಿ, “ಟವೆಲ್ಲೇನೋ ಕೆಂಚೇಶಿ, ಟವೆಲ್ಲೇ?” ಎಂದು ಕೇಳಿ ಇಟ್ಟುಬಿಟ್ಟ.

ಹತ್ತನೇ ದಿನ ಮಮತಾ ಬಂದಿಳಿದು, ಬಸ್‌ಸ್ಟಾಪಿನಲ್ಲೇ ಮಗಳ ಗಾಯಗಳನ್ನು ಎಣಿಸಿದಳು. ಎಣಿಕೆಯ ಅಭ್ಯಾಸವಾಗಿತ್ತು. “ಮೊಣಕಾಲು ಎರಡು, ಮೊಣಕೈ ಒಂದು. ಪರವಾಗಿಲ್ಲ ಕಣೋ, ನಾನಿಟ್ಟುಕೊಂಡಾಗ ಇದಕ್ಕಿಂತ ಜಾಸ್ತಿ ಇರ್ತಾವೆ.”

ಅದೇ ಬಸ್ಸಿನ ಕಂಡಕ್ಟರ್ ಇಳಿದು ಬಂದು ಕಾಗದದಲ್ಲಿ ಸುತ್ತಿದ ಒಂದು ಕಟ್ಟು ಕೊಟ್ಟ. “ಹೊನ್ನಾಳಿ ಬಸ್ಸಿನೋರು ದಾವಣಗೆರೇಲಿ ಕೊಟ್ರು. ಸಮೀಕ್ಷೆ ಮೇಡಮ್ಮಿಗೆ ತಲುಪಿಸಬೇಕಂತೆ.”

ಮಮತಾ ಕೈ ಚಾಚಿದಳು. “ನೀವಲ್ರೀ. ಚಿಕ್ಕೋರು” ಎಂದ.

ರಿಜಿಸ್ಟರಿನ ಕೊನೆಯಲ್ಲಿ ಒಂದು ಹೊಸ ಪುಟ ತುಂಬಿತ್ತು, ಹೊಲಿಗೆಯಷ್ಟೇ ಒಪ್ಪವಾದ ಅಕ್ಷರದಲ್ಲಿ. ಕೆಂಚೇಶ ಓದಿದ. ಹೆಸರು: ನೇತ್ರಾವತಿ. ನಿಜವಾದ ಯಜಮಾನರು: ಇನ್ನೂ ತೀರ್ಮಾನವಾಗಿಲ್ಲ. ಗೊರಕೆ: ಇಲ್ಲ, ಎಮ್ಮೆಯ ಸದ್ದಿಗೂ ಎಚ್ಚರವಾಗುವುದಿಲ್ಲ. ಈಜು: ಬರುತ್ತದೆ, ಹೊಳೆಯಲ್ಲಿ ಕಲಿತದ್ದು; ಬರದೆ ಧುಮುಕುವವರಿಗೆ ಕಲಿಸಿಕೊಡಲಾಗುವುದು. ಮರ: ಹತ್ತುತ್ತೇನೆ, ಇಳಿಯಲು ಬರುವುದಿಲ್ಲ, ಕೆಳಗೆ ಒಬ್ಬರು ನಿಂತು ದಯಮಾಡಿ ಬರ್ರೀ ಎಂದು ಕರೆಯಬೇಕು.

ಷರಾದ ಜಾಗದಲ್ಲಿ ಬರೆದಿತ್ತು: ಬರುವ ಸೋಮವಾರ ಮನೆಮಂದಿ ಬರಬೇಕಂತೆ, ಗಾದ್ರಮ್ಮ ಅತ್ತೆ ಹೇಳಿದ್ದಾರೆ. ಸಮೀಕ್ಷೆಯವರನ್ನು ಬಿಟ್ಟು ಬರಬೇಡಿ.

ಕೆಂಚೇಶ ಎರಡನೇ ಸಲ ಓದಿದ. ಮೂರನೇ ಸಲ ಓದುತ್ತಿದ್ದಾಗ ಒಂದು ಸಂಗತಿ ನಿಧಾನವಾಗಿ ತಲೆಗೆ ಹೋಯಿತು. ಹತ್ತುವವಳು ಇಷ್ಟು ದಿನ ಒಬ್ಬಳಿದ್ದಳು.

“ಅಕ್ಕಾ, ಸಹನಾ ಎಲ್ಲಿ?”

ಬಸ್ಸಿನ ಛಾವಣಿಯ ಮೇಲಿನಿಂದ ಉದ್ದನೆಯದೊಂದು ಸೀಟಿ ಕೇಳಿಸಿತು. “ಹೊನ್ನಾಳೀ, ಹೊನ್ನಾಳೀ, ಹತ್ತೋರು ಬೇಗ ಹತ್ರೀ! ಮಾವಾ, ರೈಟ್!”

ಕಂಡಕ್ಟರ್ ಜೇಬು ತಡವಿಕೊಂಡ. ಡ್ರೈವರ್ ಗೇರು ಹಾಕಿದ. ಕೆಂಚೇಶ ರಿಜಿಸ್ಟರನ್ನು ಅಕ್ಕನ ಕೈಗೆ ತುರುಕಿ, ಊರೆಲ್ಲ ನೋಡುತ್ತಿದ್ದ ಹಾಗೆಯೇ, ಕೂಗುತ್ತ ಓಡಿದ.